‘ಸಿಸ್ಟರ್, ನೀವೇ ನಿಲ್ಲಿ’ ಎಂದವರೆಲ್ಲ ನಿಮ್ಮ ವಾರ್ಡಿನ ಮತದಾರರೇ?

ಪ್ರಶ್ನೆ: ನಾನು ಕೊಡಗಿನ ಸೋಮವಾರಪೇಟೆ ಕಡೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿ. ಬಿ.ಎಸ್ಸಿ. ನರ್ಸಿಂಗ್ ಓದಿದ್ದೇನೆ. ಸೇವೆಗೆ ಸೇರಿ 16 ವರ್ಷವಾಯಿತು, ವಯಸ್ಸು 41. ಯಜಮಾನರು ಮೂರು ಎಕರೆ ಕಾಫಿ ತೋಟ ನೋಡಿಕೊಳ್ಳುತ್ತಾರೆ. 2018ರ ಭೂಕುಸಿತದ ಸಮಯದಲ್ಲಿ ಪರಿಹಾರ ಕೇಂದ್ರದಲ್ಲಿ ಡ್ಯೂಟಿ ಮಾಡಿದಾಗಿನಿಂದ ‘ಸಿಸ್ಟರ್, ನೀವೇ ಚುನಾವಣೆಗೆ ನಿಲ್ಲಿ’ ಎನ್ನುವವರು ಬಹಳ. ಈಗ ಪಕ್ಷವೊಂದರ ಸ್ಥಳೀಯ ಮುಖಂಡರು ‘ಮೊದಲು ರಾಜೀನಾಮೆ ಕೊಟ್ಟು ಬನ್ನಿ, ಟಿಕೆಟ್ ವಿಷಯ ಆಮೇಲೆ ನೋಡೋಣ’ ಎಂದಿದ್ದಾರೆ. ಕೆಲಸದಲ್ಲಿದ್ದುಕೊಂಡೇ ನಿಲ್ಲಬಹುದೇ? ನೇರವಾಗಿ ವಿಧಾನಸಭೆಗೆ ಪ್ರಯತ್ನಿಸಬೇಕೇ, ಪಂಚಾಯಿತಿಯಿಂದ ಶುರು ಮಾಡಬೇಕೇ? ಸೋತರೆ ಮತ್ತೆ ಕೆಲಸಕ್ಕೆ ಸೇರಬಹುದೇ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನನ್ನು ಕಾಡಿದ್ದು ನಿಮ್ಮ ಪ್ರಶ್ನೆಗಳಲ್ಲ, ಆ ಮುಖಂಡರ ಮಾತು. ‘ಮೊದಲು ರಾಜೀನಾಮೆ, ಟಿಕೆಟ್ ಆಮೇಲೆ.’ ಹೀಗೆ ಹೇಳುವವರ ಕೈಯಲ್ಲಿ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಅದು ತೀರ್ಮಾನವಾಗುವುದು ಬೆಂಗಳೂರಿನಲ್ಲಿ, ದೆಹಲಿಯಲ್ಲಿ, ಅದೂ ನಾಮಪತ್ರದ ದಿನಗಳು ಮೈಮೇಲೆ ಬಂದಾಗ. ನೀವು ಕೆಲಸ ಬಿಟ್ಟರೆ ಅವರು ಕಳೆದುಕೊಳ್ಳುವುದು ಏನೂ ಇಲ್ಲ. ಹಾಗಾಗಿ ರಾಜೀನಾಮೆಯ ಮಾತನ್ನೇ ಮೊದಲು ಮುಗಿಸುತ್ತೇನೆ. ನಾನು ಕಂದಾಯ ಇಲಾಖೆಯಲ್ಲಿದ್ದು, ಬಹಳ ವರ್ಷ ಚುನಾವಣಾ ಶಾಖೆಯ ಕೆಲಸ ಮಾಡಿ ನಿವೃತ್ತನಾದವನು. ಭಾಷಣಕ್ಕಿಂತ ಕಡತಗಳನ್ನೇ ಹೆಚ್ಚು ನೋಡಿದ್ದೇನೆ. ಉತ್ತರಕ್ಕೂ ಕಡತದ ಧೂಳು ಸ್ವಲ್ಪ ಹತ್ತಿದ್ದರೆ ಕ್ಷಮಿಸಿ.

ಕೆಲಸದಲ್ಲಿದ್ದುಕೊಂಡು ನಿಲ್ಲುವಂತಿಲ್ಲ. ಸರ್ಕಾರದ ಅಡಿಯಲ್ಲಿ ಲಾಭದಾಯಕ ಹುದ್ದೆಯಲ್ಲಿರುವವರು ಶಾಸಕರಾಗಲು ಅನರ್ಹರು ಎಂದು ಸಂವಿಧಾನದ 191ನೇ ವಿಧಿ ಹೇಳುತ್ತದೆ. ರಜೆ ಹಾಕಿ ನಿಲ್ಲುತ್ತೇನೆ, ಆ ಎರಡು ತಿಂಗಳ ಸಂಬಳ ಬೇಡ ಎಂದರೂ ನಡೆಯುವುದಿಲ್ಲ. ಸಂಬಳ ಬಿಟ್ಟರೂ ಹುದ್ದೆ ನಿಮ್ಮ ಹೆಸರಿನಲ್ಲೇ ಇರುತ್ತದೆ. ಗ್ರಾಮ ಪಂಚಾಯಿತಿ ಸದಸ್ಯತ್ವಕ್ಕೂ ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಇಂಥದೇ ತಡೆ ಇದೆ. ಆಸ್ಪತ್ರೆಯಲ್ಲಿ ನಿಮ್ಮ ಪಕ್ಕದಲ್ಲೇ ಗುತ್ತಿಗೆಯ ಮೇಲೆ ದುಡಿಯುವ ನರ್ಸ್‌ಗಳ ವಿಷಯ ಇನ್ನೂ ತೊಡಕಿನದು. ನೇಮಿಸುವವರು ಯಾರು, ತೆಗೆಯುವವರು ಯಾರು, ಹಣ ಯಾರ ಬೊಕ್ಕಸದಿಂದ ಬರುತ್ತದೆ, ಕೆಲಸದ ಮೇಲೆ ಹಿಡಿತ ಯಾರದು ಎಂದೆಲ್ಲ ನ್ಯಾಯಾಲಯಗಳು ಕೇಳುತ್ತವೆ. ಅವರಿಗೆ ನನ್ನ ಸಲಹೆ ಒಂದೇ: ವಾದಕ್ಕೆ ನಿಲ್ಲದೆ, ನಾಮಪತ್ರಕ್ಕೆ ಮುಂಚೆ ಕೆಲಸದಿಂದ ಬಿಡುಗಡೆ ಪಡೆಯಿರಿ. ಖಾಸಗಿ ಆಸ್ಪತ್ರೆಯ ನರ್ಸ್‌ಗೆ ಈ ತಲೆನೋವೇ ಇಲ್ಲ. ಅವಳು ಬೆಳಿಗ್ಗೆ ಡ್ಯೂಟಿ ಮುಗಿಸಿ ಮಧ್ಯಾಹ್ನ ಪ್ರಚಾರಕ್ಕೆ ಹೋಗಬಹುದು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಕೊನೆಗೆ ಮತ್ತೆ ಇಲ್ಲಿಗೇ ಬರುತ್ತೇನೆ.

ಉಳಿದ ಅರ್ಹತೆಗಳು ದೊಡ್ಡವಲ್ಲ. ವಿಧಾನಸಭೆಗೆ 25 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರಾಗಿರಬೇಕು. ವಿಧಾನ ಪರಿಷತ್ತಿಗೆ 30, ಪಂಚಾಯಿತಿಗೆ 21.

ಈಗ ನನ್ನ ಕಣ್ಣೆದುರು ನಡೆದದ್ದನ್ನು ಹೇಳುತ್ತೇನೆ. ಯಾವ ಚುನಾವಣೆ ಎನ್ನುವುದು ಬೇಡ. ನಾಮಪತ್ರ ಪರಿಶೀಲನೆಯ ದಿನ. ಮೇಜಿನ ಆಚೆ ಒಬ್ಬರು, ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಚುನಾವಣಾಧಿಕಾರಿ ‘ರಾಜೀನಾಮೆಯ ಆದೇಶ ಕೊಡಿ’ ಎಂದರು. ಅವರು ತುಂಬು ವಿಶ್ವಾಸದಿಂದ ಒಂದು ಹಾಳೆ ಕೊಟ್ಟರು. ಅದು ಅವರದೇ ರಾಜೀನಾಮೆ ಪತ್ರ. ಮೂಲೆಯಲ್ಲಿ ಕಚೇರಿಯ ನೇರಳೆ ಬಣ್ಣದ ಮೊಹರು, ‘ಸ್ವೀಕರಿಸಿದೆ’ ಎಂಬ ಅಕ್ಷರ, ತಾರೀಖು, ಗುಮಾಸ್ತರ ಚಿಕ್ಕ ಸಹಿ. ಅಧಿಕಾರಿ ಹಾಳೆಯನ್ನು ತಿರುಗಿಸಿ ನೋಡಿದರು, ಹಿಂದೆ ಏನೂ ಇರಲಿಲ್ಲ. ‘ಇದು ಸ್ವೀಕೃತಿ. ಅಂಗೀಕಾರ ಎಲ್ಲಿ?’ ಎಂದರು. ಆ ಮನುಷ್ಯ ಗೋಡೆಯ ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ಆ ಎರಡು ಪದಗಳ ನಡುವಿನ ಅಂತರ ಗೊತ್ತಾದದ್ದೇ ಆ ಗಳಿಗೆಯಲ್ಲಿ. ಪತ್ರ ಕೈಗೆ ಮುಟ್ಟಿತು ಎನ್ನುವುದು ಸ್ವೀಕೃತಿ. ನಿಮ್ಮನ್ನು ಸೇವೆಯಿಂದ ಬಿಟ್ಟೆವು ಎಂದು ನೇಮಕಾತಿ ಪ್ರಾಧಿಕಾರ ಹೊರಡಿಸುವ ಆದೇಶ ಅಂಗೀಕಾರ. ಎರಡನೆಯದು ಬರುವವರೆಗೆ ನೀವು ಸರ್ಕಾರಿ ನೌಕರರೇ. ನಾಮಪತ್ರ ತಿರಸ್ಕೃತವಾಯಿತು.

ಆದೇಶ ತಡವಾದರೆ ಏನಾಗುತ್ತದೆ ಎನ್ನುವುದಕ್ಕೆ ದೇಶವೇ ನೋಡಿದ ಉದಾಹರಣೆ ಮಧ್ಯಪ್ರದೇಶದ ಉಪಜಿಲ್ಲಾಧಿಕಾರಿ ನಿಶಾ ಬಾಂಗ್ರೆ ಅವರದು. 2023ರ ವಿಧಾನಸಭಾ ಚುನಾವಣೆಯಲ್ಲಿ ಆಮ್ಲಾ ಕ್ಷೇತ್ರದಿಂದ ನಿಲ್ಲಬೇಕೆಂದು ಅವರು ಜೂನ್‌ನಲ್ಲೇ ರಾಜೀನಾಮೆ ಕೊಟ್ಟರು. ಸರ್ಕಾರ ಅಂಗೀಕರಿಸಲಿಲ್ಲ. ಪಾದಯಾತ್ರೆ ಮಾಡಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಂಗೀಕಾರವಾದದ್ದು ಅಕ್ಟೋಬರ್ ಕೊನೆಯ ಹೊತ್ತಿಗೆ. ಅಷ್ಟರಲ್ಲಿ ಕಾಂಗ್ರೆಸ್ ಆ ಕ್ಷೇತ್ರಕ್ಕೆ ಬೇರೆಯವರ ಹೆಸರು ಪ್ರಕಟಿಸಿಯಾಗಿತ್ತು, ಬದಲಾಯಿಸಲೂ ಇಲ್ಲ. ಆಮೇಲೆ ಅವರು ತಮ್ಮನ್ನು ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ ಎಂದು ಸರ್ಕಾರಕ್ಕೆ ಬರೆದುಕೊಂಡರು. ಉಪಜಿಲ್ಲಾಧಿಕಾರಿಗೇ ಹೀಗಾದರೆ ಶುಶ್ರೂಷಾಧಿಕಾರಿಯ ಕಡತವನ್ನು ಯಾರು ತಲೆಯ ಮೇಲೆ ಹೊತ್ತು ಓಡುತ್ತಾರೆ?

ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ ಎನ್ನುವುದನ್ನೂ ಗಟ್ಟಿಯಾಗಿ ತಿಳಿದುಕೊಳ್ಳಿ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯ ಲೆಕ್ಕವೇ ಅಳಿಸಿಹೋಗುತ್ತದೆ, ಆ ಲೆಕ್ಕದ ಮೇಲೆ ನಿಂತ ಸೌಲಭ್ಯಗಳೂ ಅದರೊಂದಿಗೆ ಹೋಗುತ್ತವೆ. ನಿಗದಿಯಾದಷ್ಟು ವರ್ಷದ ಸೇವೆ ಇದ್ದವರು ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಕೇಳಬಹುದು. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರೆಲ್ಲ ಹೊಸ ಪಿಂಚಣಿ ವ್ಯವಸ್ಥೆಗೆ ಬಂದವರು, ನೀವೂ ಅದರಲ್ಲೇ ಇರುತ್ತೀರಿ. ಆ ಖಾತೆಯ ಹಣ ಎಲ್ಲಿಗೂ ಹೋಗುವುದಿಲ್ಲ ನಿಜ. ಆದರೆ ವಯಸ್ಸಿಗೆ ಮುನ್ನ ಹೊರಬಂದರೆ ಅದರ ಬಹುಪಾಲು ವರ್ಷಾಶನಕ್ಕೆ, ಅಂದರೆ ಪಿಂಚಣಿಯಂತೆ ಕಂತಿನಲ್ಲಿ ಬರುವ ಹಣಕ್ಕೆ, ಕಟ್ಟುಬೀಳುತ್ತದೆ, ಕೈಗೆ ಸಿಗುವುದು ಸ್ವಲ್ಪ. ಸೇವಾ ಪುಸ್ತಕವನ್ನು ತೆಗೆಸಿ, ಲೆಕ್ಕ ಬಲ್ಲವರ ಮುಂದೆ ಒಂದು ಇಡೀ ಮಧ್ಯಾಹ್ನ ಕೂತು ನೋಡಿ. ಯಜಮಾನರನ್ನೂ ಕೂರಿಸಿಕೊಳ್ಳಿ. ಮೂರು ಎಕರೆ ಕಾಫಿ ಒಂದು ವರ್ಷ ಬೆಲೆ ಕೊಡುತ್ತದೆ, ಇನ್ನೊಂದು ವರ್ಷ ಕೊಯ್ಲಿನ ಸಮಯದಲ್ಲೇ ಮಳೆ ಬಂದು ಕಣದಲ್ಲಿ ಹಾಕಿದ್ದೆಲ್ಲ ಹಾಳಾಗುತ್ತದೆ. ನಿಮಗೆ ನಾನು ಹೇಳಬೇಕಾಗಿಲ್ಲ. ಮನೆಯಲ್ಲಿ ತಿಂಗಳಿಗೆ ತಪ್ಪದೆ ಬರುವ ದುಡ್ಡು ನಿಮ್ಮ ಸಂಬಳವೊಂದೇ ಅಲ್ಲವೇ?

ಕೆಲಸ ಬಿಡುವವರೆಗೆ ಬಾಯಿ, ಮೊಬೈಲ್ ಎರಡನ್ನೂ ಹಿಡಿತದಲ್ಲಿಡಿ. ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು, 2021 ಸರ್ಕಾರಿ ನೌಕರರು ರಾಜಕೀಯದಲ್ಲಿ ಭಾಗವಹಿಸುವುದನ್ನು ನಿಷೇಧಿಸುತ್ತವೆ. ಪಕ್ಷದ ಸಭೆಯ ಮುಂದಿನ ಸಾಲಿನಲ್ಲಿ ಕೂತ ಫೋಟೊ, ಮುಖಂಡರ ಹುಟ್ಟುಹಬ್ಬಕ್ಕೆ ಹಾಕಿದ ಸ್ಟೇಟಸ್, ಇಷ್ಟು ಸಾಕು ದೂರು ಬರಲು. ಬಂಧುವೊಬ್ಬರಿಗಾಗಿ ಮತಗಟ್ಟೆ ಏಜೆಂಟಾಗಿ ಕೂತರಂತೂ ಪ್ರಜಾಪ್ರಾತಿನಿಧ್ಯ ಕಾಯ್ದೆಯ 134ಎ ಪ್ರಕಾರ ಮೂರು ತಿಂಗಳವರೆಗೆ ಸೆರೆಮನೆ ಅಥವಾ ದಂಡ. ಅಂಗೀಕಾರ ಆದೇಶವನ್ನು ತಡೆಹಿಡಿಯಲು ಇಲಾಖೆಗೆ ಒಂದು ವಿಚಾರಣೆ ಬಾಕಿ ಇದ್ದರೆ ಸಾಕು. ಆ ನೆಪವನ್ನು ನೀವೇ ಬರೆದುಕೊಡಬೇಡಿ.

ಕಾನೂನು ಮುಗಿಯಿತು. ನಿಜವಾದ ಕಷ್ಟ ಇನ್ನು ಮೇಲೆ.

‘ಸಿಸ್ಟರ್, ನೀವೇ ನಿಲ್ಲಿ’ ಎನ್ನುವವರು ಬಹಳ ಎಂದು ಬರೆದಿದ್ದೀರಿ. ಅವರ ಮಾತಿನಲ್ಲಿ ಕಪಟವಿಲ್ಲ. ಆದರೆ ಅವರು ಯಾವ ಊರಿನವರು? ದಕ್ಷಿಣ ಕೊಡಗಿನಲ್ಲಿ ನನಗೆ ಪರಿಚಯದ ಒಬ್ಬ ನಿವೃತ್ತ ನರ್ಸ್ ಇದ್ದಾರೆ, ಊರಿಗೆಲ್ಲ ಅಕ್ಕ. ನಿವೃತ್ತಿಯ ನಂತರ ಗ್ರಾಮ ಪಂಚಾಯಿತಿಗೆ ನಿಂತರು. ಅವರ ಬಳಿ ಹಸಿರು ರಟ್ಟಿನ ಒಂದು ನೋಟ್‌ಬುಕ್ ಇತ್ತು, ತಾವು ಮಾಡಿಸಿದ ಹೆರಿಗೆಗಳ ಲೆಕ್ಕ: ತಾಯಿಯ ಹೆಸರು, ಊರು, ಮಗು ಹುಟ್ಟಿದ ಹೊತ್ತು, ತೂಕ. ಅದನ್ನು ತೋರಿಸಿ ‘ಇವರಲ್ಲಿ ಅರ್ಧ ಜನ ಹಾಕಿದರೂ ಸಾಕು’ ಎಂದರು. ಸೋತರು. ಎಣಿಕೆಯಾದ ಮೇಲೆ ನಾವಿಬ್ಬರೂ ಕೂತು ಆ ನೋಟ್‌ಬುಕ್ಕನ್ನೂ ಅವರ ವಾರ್ಡಿನ ಮತದಾರರ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಎರಡರಲ್ಲೂ ಇದ್ದ ಹೆಸರುಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಆಸ್ಪತ್ರೆಗೆ ಐದಾರು ಪಂಚಾಯಿತಿಗಳ ಜನ ಬರುತ್ತಾರೆ, ವಾರ್ಡಿನಲ್ಲಿ ಇರುವುದು ನಾಲ್ಕು ಓಣಿ. ಹೆರಿಗೆಗೆಂದು ತವರಿಗೆ ಬಂದವಳ ಮತ ಗಂಡನ ಊರಿನಲ್ಲಿ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿರುವ ಯರವ ಆದಿವಾಸಿ ಹೆಣ್ಣುಮಕ್ಕಳಲ್ಲಿ ಹಲವರ ಹೆಸರು ಪಟ್ಟಿಯಲ್ಲೇ ಇಲ್ಲ, ಇದ್ದರೂ ಅದು ಎರಡು ತೋಟ ಹಿಂದಿನ ವಿಳಾಸದಲ್ಲಿ. ಅಸ್ಸಾಮಿನಿಂದ ಕೊಯ್ಲಿಗೆ ಬಂದ ಹುಡುಗಿಯ ಮತವಂತೂ ಅಸ್ಸಾಮಿನಲ್ಲೇ.

ಮುಂದಿನ ಸಲಕ್ಕೆ ಅಕ್ಕ ಆ ನೋಟ್‌ಬುಕ್ಕನ್ನು ಪೆಟ್ಟಿಗೆಯಲ್ಲಿಟ್ಟರು. ಮತದಾರರ ಪಟ್ಟಿಯ ತಮ್ಮ ಭಾಗವನ್ನು ಝೆರಾಕ್ಸ್ ಮಾಡಿಸಿ, ತೋಟದ ಕೆಲಸ ಬಿಟ್ಟ ಮೇಲೆ ಸಂಜೆ ಸಂಜೆ ಲೈನ್ ಮನೆಗಳಿಗೆ ಹೋದರು. ಹೆಸರಿಲ್ಲದವರಿಗೆ ನಮೂನೆ 6 ತುಂಬಿಸಿದರು, ವಿಳಾಸದ ದಾಖಲೆಗಾಗಿ ತೋಟದ ಲೆಕ್ಕ ನೋಡುವ ರೈಟರ್ ಜೊತೆ ಜಗಳ ಕಾದರು. ಯಾರ ಬಳಿಯೂ ಮತ ಕೇಳಲಿಲ್ಲ, ಚುನಾವಣೆ ಘೋಷಣೆಯೇ ಆಗಿರಲಿಲ್ಲ. ಎರಡನೆಯ ಸಲ ಗೆದ್ದರು. ನಮ್ಮ ರಾಜ್ಯದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಅಷ್ಟು ಸಣ್ಣ ಜಾಗದಲ್ಲಿ ಒಬ್ಬರೇ ನಡೆದು ಗೆಲ್ಲಬಹುದು. ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಅರ್ಧದಷ್ಟು ಸ್ಥಾನ ಮಹಿಳೆಯರದು. ಮೀಸಲಾತಿ ಸರದಿ ಮಾತ್ರ ನಿಮ್ಮ ಮಾತು ಕೇಳುವುದಿಲ್ಲ. ನೀವು ವರ್ಷಗಟ್ಟಲೆ ಓಡಾಡಿದ ವಾರ್ಡು ಕೊನೆಗಳಿಗೆಯಲ್ಲಿ ಬೇರೆ ವರ್ಗಕ್ಕೆ ಹೋಗಬಹುದು.

ಇದನ್ನೇ ವಿಧಾನಸಭೆಗೆ ಹಿಗ್ಗಿಸಿ ನೋಡಿ. 1952ರಲ್ಲಿ, ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, ನಮ್ಮದೇ ವಿಧಾನಸಭೆಯಲ್ಲಿ 24 ಸದಸ್ಯರಿದ್ದರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಆಗಿದ್ದರೆ ನಿಮ್ಮ ಹೋಬಳಿಯೇ ಒಂದು ಕ್ಷೇತ್ರವಾಗುತ್ತಿತ್ತೋ ಏನೋ. 1956ರ ವಿಲೀನದ ನಂತರ ಅದು ಮುಗಿದ ಕಥೆ. ನಿಮ್ಮ ಸೋಮವಾರಪೇಟೆ 2008ರ ಪುನರ್ವಿಂಗಡಣೆಯವರೆಗೆ ಪ್ರತ್ಯೇಕ ಕ್ಷೇತ್ರವಾಗಿತ್ತು, ಈಗ ಜಿಲ್ಲೆಗೆ ಉಳಿದಿರುವುದು ಮಡಿಕೇರಿ, ವಿರಾಜಪೇಟೆ ಎರಡೇ. ಒಂದೊಂದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮತದಾರರು. ಶನಿವಾರಸಂತೆಯ ಕಡೆಯವರ ಲೆಕ್ಕಾಚಾರ ಮಡಿಕೇರಿ ಪೇಟೆಯವರಿಗೆ ಅರ್ಥವಾಗುವುದಿಲ್ಲ. ಕೊಡವರು, ಅರೆಭಾಷೆ ಗೌಡರು, ಒಕ್ಕಲಿಗರು, ಲಿಂಗಾಯತರು, ದಲಿತರು, ಮುಸ್ಲಿಮರು, ಮಲಯಾಳಿಗಳು, ಆದಿವಾಸಿಗಳು, ಯಾರೊಬ್ಬರೂ ತಾವೇ ಗೆಲ್ಲಿಸುವಷ್ಟಿಲ್ಲ, ಯಾರನ್ನು ಬಿಟ್ಟರೂ ಗೆಲುವಿಲ್ಲ. 2023ರಲ್ಲಿ ಎರಡೂ ಕ್ಷೇತ್ರಗಳ ಗೆಲುವಿನ ಅಂತರ ಐದು ಸಾವಿರ ಮತಗಳ ಒಳಗೇ ಇತ್ತು. ಇಷ್ಟು ಬಿಗಿಯಾದ ಪೈಪೋಟಿ ಇರುವ ಕಡೆ ಯಾವ ಪಕ್ಷವೂ ಹೊಸ ಮುಖದ ಮೇಲೆ ಸುಮ್ಮನೆ ಹಣ ಕಟ್ಟುವುದಿಲ್ಲ. ಪ್ರತಿ ಬೂತಿನಲ್ಲೂ ಯಾರಿದ್ದಾರೆ ಎಂದು ಕೇಳುತ್ತದೆ.

ಹಣದ ಮಾತು ಚುಟುಕಾಗಿ. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗ ಬಾರದಿದ್ದರೆ ಠೇವಣಿ ಹೋಯಿತು. ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ. ಪಕ್ಷ ತನ್ನ ಹೆಸರಿನಲ್ಲಿ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಪಕ್ಷೇತರರಾಗಿ ನಿಂತರೆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಬೇಕು, ಫಲಿತಾಂಶ ಬಂದ 30 ದಿನಗಳಲ್ಲಿ ಖರ್ಚಿನ ಲೆಕ್ಕ ಒಪ್ಪಿಸಬೇಕು. ತೋಟವನ್ನು ಅಡವಿಟ್ಟು ಚುನಾವಣೆಗೆ ನಿಂತವರನ್ನು ನಾನು ನೋಡಿದ್ದೇನೆ. ಬೇಡ.

ಆರೋಗ್ಯ ಕ್ಷೇತ್ರದಿಂದ ಶಾಸನಸಭೆಗೆ ಹೋದವರು ಇಲ್ಲವೇ ಎಂದರೆ ಇದ್ದಾರೆ, ಆದರೆ ಅವರಲ್ಲಿ ಹೆಚ್ಚಿನವರು ಡಾಕ್ಟರುಗಳು. 2023ರಲ್ಲಿ ಮಡಿಕೇರಿಯಿಂದ ಗೆದ್ದವರ ಹೆಸರಿನ ಮುಂದೆಯೇ ‘ಡಾ.’ ಇದೆ, ಮಂತರ್ ಗೌಡ. 2024ರಲ್ಲಿ, ಪದವೀಧರರಷ್ಟೇ ಮತ ಹಾಕುವ ನಮ್ಮ ನೈರುತ್ಯ ಪದವೀಧರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಹೋದ ಧನಂಜಯ ಸರ್ಜಿ ಶಿವಮೊಗ್ಗದ ಮಕ್ಕಳ ತಜ್ಞರು. ಡಾಕ್ಟರಿಗೆ ಸ್ವಂತ ಬೋರ್ಡು ಇರುತ್ತದೆ, ಕೆಲವರಿಗೆ ಸ್ವಂತ ಆಸ್ಪತ್ರೆಯೇ. ನರ್ಸ್‌ಗೆ ಜನರ ಪಾಲಿಗೆ ಎಷ್ಟೋ ಸಲ ಹೆಸರೂ ಇರುವುದಿಲ್ಲ, ‘ಆ ನೈಟ್ ಡ್ಯೂಟಿ ಸಿಸ್ಟರ್’ ಅಷ್ಟೇ. ನಿಮ್ಮ ಹೆಸರನ್ನು ಜನರ ಬಾಯಿಗೆ ಬರಿಸುವುದೇ ಮೊದಲ ಕೆಲಸ.

ನರ್ಸ್‌ಗಳ ದಾರಿ ಬೇರೆಡೆ ಹೇಗೆ ಸಾಗಿದೆ ನೋಡಿ. ಮುಂಬೈಯ ಕಿಶೋರಿ ಪೆಡ್ನೇಕರ್ ನರ್ಸ್ ಆಗಿದ್ದವರು. ಕಾರ್ಪೊರೇಟರ್ ಆಗಿ ವರ್ಷಗಟ್ಟಲೆ ಬೇರೂರಿ 2019ರಲ್ಲಿ ಮೇಯರ್ ಆದರು, 2020ರ ಏಪ್ರಿಲ್‌ನಲ್ಲಿ ಕೋವಿಡ್ ಹೊತ್ತಿನಲ್ಲಿ ಹಳೆಯ ಸಮವಸ್ತ್ರ ತೊಟ್ಟು ನಾಯರ್ ಆಸ್ಪತ್ರೆಗೆ ಹೋದರು. ಅಮೆರಿಕದ ಎಡ್ಡಿ ಬರ್ನೀಸ್ ಜಾನ್ಸನ್ ಡಲ್ಲಾಸ್‌ನ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗದ ನರ್ಸ್ ಆಗಿದ್ದರು. 1972ರಲ್ಲಿ ಟೆಕ್ಸಾಸ್ ರಾಜ್ಯದ ಕೆಳಮನೆ, 1986ರಲ್ಲಿ ಅಲ್ಲಿನ ಮೇಲ್ಮನೆ, 1992ರಲ್ಲಿ ರಾಷ್ಟ್ರದ ಸಂಸತ್ತು. ಅಲ್ಲಿನ ಸಂಸತ್ತಿಗೆ ಆಯ್ಕೆಯಾದ ಮೊದಲ ನೋಂದಾಯಿತ ನರ್ಸ್ ಅವರೇ. ಇಪ್ಪತ್ತು ವರ್ಷದ ನಡಿಗೆ ಅದು. ಇಬ್ಬರೂ ವಾರ್ಡಿನ ಬಾಗಿಲಿನಿಂದ ಒಂದೇ ಜಿಗಿತಕ್ಕೆ ಹೋದವರಲ್ಲ.

ನಮ್ಮಲ್ಲಿ ಆ ಮೆಟ್ಟಿಲುಗಳು ಮುರಿದಿವೆ ಎನ್ನುವುದು ನನ್ನ ಕೋಪ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದರು. ನಿಮ್ಮಂಥ ಹೆಣ್ಣುಮಗಳು ಊರಿನಿಂದ ಜಿಲ್ಲೆಗೆ ಬೆಳೆಯಬೇಕಾದ ಜಾಗ ಅದು. ಮಧ್ಯದ ಮೆಟ್ಟಿಲು ಕಿತ್ತುಹಾಕಿ ‘ಮಹಿಳೆಯರು ಮೇಲೆ ಬರುತ್ತಿಲ್ಲ’ ಎಂದರೆ ಹೇಗೆ? 2023ರಲ್ಲಿ 224 ಶಾಸಕರಲ್ಲಿ ಮಹಿಳೆಯರು 10. ಕೊಡಗಿನಿಂದ ಹೋದವರೇ ಇಲ್ಲವೆಂದಲ್ಲ, ವಿರಾಜಪೇಟೆಯಿಂದ ಸುಮಾ ವಸಂತ್ ಶಾಸಕಿಯಾಗಿದ್ದರು, ವೀಣಾ ಅಚ್ಚಯ್ಯ ವಿಧಾನ ಪರಿಷತ್ತಿನಲ್ಲಿದ್ದರು. ಮೂರನೇ ಒಂದು ಭಾಗ ಮೀಸಲಿಡುವ ಸಂವಿಧಾನದ 106ನೇ ತಿದ್ದುಪಡಿ 2023ರಲ್ಲಿ ಬಂತು, ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಗೆ ಅದನ್ನು ಗಂಟು ಹಾಕಿಟ್ಟಿದ್ದಾರೆ. ಎರಡೇ ಕ್ಷೇತ್ರವಿರುವ ಜಿಲ್ಲೆಯಲ್ಲಿ ಆ ಚೀಟಿ ಯಾವುದರ ಮೇಲೆ ಬೀಳುತ್ತದೋ ಎಂದು ಕಾಯುತ್ತ ಕೂರುವುದು ಯೋಜನೆಯಲ್ಲ.

ನೀವು ಕೇಳದ ಒಂದು ದಾರಿ ಹೇಳುತ್ತೇನೆ. ನೀವು ಬಿ.ಎಸ್ಸಿ. ಪದವೀಧರೆ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಎಲ್ಲ ಸೇರಿದ ನೈರುತ್ಯ ಪದವೀಧರ ಕ್ಷೇತ್ರದ ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಹಿಂದಿನ ಸಲ ಹೆಸರಿತ್ತು ಎಂದು ಸುಮ್ಮನಿದ್ದರೆ ಈ ಸಲ ಇರುವುದಿಲ್ಲ. ಪದವಿ ಪಡೆದು ಮೂರು ವರ್ಷವಾದವರು ನಮೂನೆ 18 ತುಂಬಬೇಕು. ಸೇವೆಯಲ್ಲಿದ್ದುಕೊಂಡೇ ತುಂಬಬಹುದು, ಮತ ಹಾಕುವುದು ರಾಜಕೀಯದ ಅಪರಾಧವಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಪದವಿ ಮುಗಿಸಿದ ನರ್ಸ್‌ಗಳಲ್ಲಿ ಎಷ್ಟು ಜನ ತುಂಬಿದ್ದಾರೆ ಕೇಳಿ ನೋಡಿ. ಮೇಷ್ಟರುಗಳು ತಪ್ಪದೆ ತುಂಬುತ್ತಾರೆ, ಅದಕ್ಕೇ ಅಭ್ಯರ್ಥಿಗಳು ಶಾಲೆಗಳ ಬಾಗಿಲಿಗೆ ಹೋಗುತ್ತಾರೆ. ನಿಮ್ಮ ವೃತ್ತಿಯವರು ಪಟ್ಟಿಯಲ್ಲಿ ಎದ್ದು ಕಂಡರೆ ಸಮಾನ ವೇತನದ ಮಾತು, ಖಾಲಿ ಹುದ್ದೆಯ ಮಾತು ಪರಿಷತ್ತಿನಲ್ಲಿ ಎದ್ದೇಳುತ್ತದೆ. ಡಿಪ್ಲೊಮಾ ಮಾಡಿದ ಸಿಸ್ಟರ್‌ಗಳನ್ನು ಮಾತ್ರ ಸುಮ್ಮನೆ ಅಲೆದಾಡಿಸಬೇಡಿ, ಅಲ್ಲಿ ಕೇಳುವುದು ಪದವಿಯನ್ನು.

ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ಸಂವಿಧಾನದ ರಾಜ್ಯಪಟ್ಟಿಯಲ್ಲಿವೆ. ಆದ್ದರಿಂದ ನಿಮ್ಮ ಕಣ್ಣು ರಾಜ್ಯದ ಮೇಲಿರುವುದು ಸರಿಯೇ. ಜುಲೈಯ ಮಳೆಯಲ್ಲಿ ಕರೆಂಟ್ ಹೋಗಿ, ರಸ್ತೆಗೆ ಮರ ಬಿದ್ದು, ರಕ್ತಸ್ರಾವದ ಬಾಣಂತಿಯನ್ನು ಮೈಸೂರಿಗೆ ರೆಫರ್ ಮಾಡುವ ರಾತ್ರಿ ಎಲ್ಲೆಲ್ಲಿ ಏನೇನು ಕೈಕೊಡುತ್ತದೆ ಎಂದು ನಿಮಗೆ ಗೊತ್ತಿರುವಷ್ಟು ವಿಧಾನಸೌಧದಲ್ಲಿ ಯಾರಿಗೂ ಗೊತ್ತಿಲ್ಲ. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ, ಆದರೂ ಆಂಬುಲೆನ್ಸ್‌ಗಳು ಈಗಲೂ ಮೈಸೂರು, ಮಂಗಳೂರಿನ ಕಡೆ ಓಡುತ್ತಲೇ ಇವೆ. ಆದರೆ ಶಾಸಕರಿಗೆ ಏನು ಸಾಧ್ಯ ಎನ್ನುವುದನ್ನೂ ಅಳೆದುಕೊಳ್ಳಿ. ವರ್ಷಕ್ಕೆ 2 ಕೋಟಿ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಕಟ್ಟಡ ಕಟ್ಟಿಸಬಹುದು, ಸಾಮಗ್ರಿ ಕೊಡಿಸಬಹುದು. ಒಬ್ಬ ಅರಿವಳಿಕೆ ತಜ್ಞರನ್ನು ಸಂಬಳ ಕೊಟ್ಟು ಅದರಲ್ಲಿ ಇಟ್ಟುಕೊಳ್ಳಲಾಗದು. ಹುದ್ದೆ ಮಂಜೂರಾಗುವುದು ಆರ್ಥಿಕ ಇಲಾಖೆಯ ಕಡತದಲ್ಲಿ. ಅದನ್ನು ಅಲುಗಾಡಿಸುವುದು ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಎದ್ದು ನಿಂತು ಉತ್ತರಿಸಬೇಕಾದ ಪ್ರಶ್ನೆ, ಕೇಳಿ, ಸಚಿವರ ಉತ್ತರವನ್ನು ಹಿಡಿದು, ಮತ್ತೆ ಮತ್ತೆ ಬೆನ್ನು ಹತ್ತುವವರಿಂದ ಮಾತ್ರ. ಒಂದು ಶಿಫ್ಟಿನಿಂದ ಇನ್ನೊಂದಕ್ಕೆ ಹ್ಯಾಂಡ್‌ಓವರ್ ಕೊಡುವಾಗ ಯಾವ ಹಾಸಿಗೆಗೆ ಏನು ಬಾಕಿ ಎಂದು ಒಂದನ್ನೂ ಮರೆಯದೆ ಹೇಳುತ್ತೀರಲ್ಲ, ಆ ಅಭ್ಯಾಸ ಇಲ್ಲಿ ಬೇಕು.

ಇನ್ನೊಂದು ಮಾತು. ಇದನ್ನು ಬರೆಯದೆ ಬಿಟ್ಟರೆ ನನಗೆ ಸಮಾಧಾನವಿಲ್ಲ. ಹದಿನಾರು ವರ್ಷದಲ್ಲಿ ನಿಮ್ಮ ತಲೆಯೊಳಗೆ ಒಂದು ತಾಲ್ಲೂಕಿನ ಕೇಸ್ ಶೀಟ್ ತುಂಬಿಕೊಂಡಿದೆ. ಯಾರ ಮಗಳು ಯಾವ ಕಾರಣಕ್ಕೆ ರಾತ್ರಿ ಬಂದಳು, ಯಾರು ಕುಡಿದು ಬಿದ್ದರು, ಯಾರ ರಕ್ತದ ವರದಿಯಲ್ಲಿ ಏನಿತ್ತು. ನಮ್ಮದು ಚಿಕ್ಕ ಜಿಲ್ಲೆ, 2011ರ ಗಣತಿಯಲ್ಲಿ 5,54,519 ಜನ. ಮದುವೆ ಮನೆಗೆ ಹೋದರೆ ಅರ್ಧ ಜನ ಅರ್ಧ ಜನಕ್ಕೆ ನೆಂಟರು. ನಾಳೆ ನಿಮ್ಮ ಎದುರಾಳಿಯ ಮನೆಯ ಗುಟ್ಟೇ ನಿಮಗೆ ಗೊತ್ತಿರಬಹುದು. ನಿಮ್ಮ ಬೆಂಬಲಿಗರು ‘ಸ್ವಲ್ಪ ಸುಳಿವು ಕೊಡಿ ಸಾಕು’ ಎನ್ನುತ್ತಾರೆ, ಖಂಡಿತ ಎನ್ನುತ್ತಾರೆ. ಗರ್ಭಪಾತದ ವಿವರ ಬಹಿರಂಗಪಡಿಸುವುದು, ಎಚ್‌ಐವಿ ಸ್ಥಿತಿ ಹೇಳುವುದು ಕಾನೂನಿನಲ್ಲೇ ಅಪರಾಧ. ಅದನ್ನೂ ಬಿಡಿ. ಒಂದೇ ಒಂದು ಮಾತು ಹೊರಬಿದ್ದರೂ ಆಮೇಲೆ ಆ ಆಸ್ಪತ್ರೆಗೆ ಬರುವ ಹೆಣ್ಣುಮಕ್ಕಳು ಯಾವ ಸಿಸ್ಟರ್ ಮುಂದೆಯೂ ಬಾಯಿ ಬಿಡುವುದಿಲ್ಲ. ಪರಿಹಾರ ಕೇಂದ್ರದ ಫೋಟೊಗಳಿಗೂ ಇದೇ ಮಾತು. 2018ರಲ್ಲಿ ಮಕ್ಕಂದೂರಿನ ಕಡೆಯಿಂದ ಮೈಮೇಲಿನ ಬಟ್ಟೆಯಲ್ಲಿ ಬಂದವರ ಕೈ ಹಿಡಿದು ನಿಂತ ಚಿತ್ರ ನಿಮ್ಮ ಮೊಬೈಲಿನಲ್ಲಿದ್ದರೆ ಅದು ಕರಪತ್ರಕ್ಕೆ ಬಾರದಿರಲಿ. ನಿಮ್ಮೊಂದಿಗೆ ದುಡಿದ ಆಶಾ ಕಾರ್ಯಕರ್ತೆಯರನ್ನೂ ಪ್ರಚಾರಕ್ಕೆ ಎಳೆಯಬೇಡಿ. ನಿಮಗೆ ಸೋಲು ಗೆಲುವು, ಅವರಿಗೆ ನಾಳೆಯ ಕೆಲಸ.

ಹಾಗಾದರೆ ನಾನು ನಿಮ್ಮ ಜಾಗದಲ್ಲಿದ್ದರೆ? ಆ ಮುಖಂಡರಿಗೆ ‘ಯೋಚಿಸುತ್ತೇನೆ’ ಎಂದು ಹೇಳಿ ಕಾಫಿ ಕೊಟ್ಟು ಕಳಿಸುತ್ತಿದ್ದೆ. ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ ಬರಬೇಕು. ಅದಕ್ಕೆ ಪಕ್ಷದ ಟಿಕೆಟ್ ನಂಬಿ ಈಗ ಕೆಲಸ ಬಿಡುತ್ತಿರಲಿಲ್ಲ. ಮನೆಯ ಲೆಕ್ಕ ಒಪ್ಪಿದರೆ, ಸ್ವಯಂ ನಿವೃತ್ತಿಗೆ ದಾರಿ ಇದ್ದರೆ, ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಗೊತ್ತುಮಾಡಿಕೊಂಡೇ ಹೊರಬರುತ್ತಿದ್ದೆ. ಆಮೇಲೆ ಪಂಚಾಯಿತಿ. ಸದಸ್ಯರ ಗೌರವಧನ ಬಸ್ಸಿನ ಖರ್ಚಿಗೂ ಸಾಲದು, ಸಂಬಳ ಬೇರೆ ಕಡೆಯಿಂದ ಬರಬೇಕು. ಗೆದ್ದರೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಎಂಬ, ಯಾರೂ ತಿರುಗಿ ನೋಡದ ಸಮಿತಿಯನ್ನು ಹಿಡಿದುಕೊಳ್ಳಿ. ಅದರ ಸಭೆಯ ನಡವಳಿ ಪುಸ್ತಕ ತೆರೆದು ನೋಡಿದರೆ ನಿಮ್ಮ ಮೊದಲ ವರ್ಷದ ಕೆಲಸ ಅಲ್ಲೇ ಸಿಗುತ್ತದೆ.

ಕೊನೆಯ ಪ್ರಶ್ನೆ, ಸೋತರೆ ಮತ್ತೆ ಸೇರಬಹುದೇ. ಸರ್ಕಾರಿ ಹುದ್ದೆಗೆ ಹಾಗೆ ಮರಳುವ ಹಕ್ಕಿಲ್ಲ. ಹೊಸ ನೇಮಕಾತಿಗೆ ಅರ್ಜಿ ಹಾಕಲು ನಿಮ್ಮ ವಯಸ್ಸು ಅಡ್ಡ ಬರುವ ಸಾಧ್ಯತೆಯೇ ಹೆಚ್ಚು. ಖಾಸಗಿಯಲ್ಲಿ ಬಾಗಿಲು ತೆರೆದೇ ಇರುತ್ತದೆ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನಿಮ್ಮ ನೋಂದಣಿ ಜೀವಂತವಾಗಿದ್ದರೆ. ಸರ್ಕಾರಿ ಕೆಲಸದಲ್ಲಿದ್ದವರು ನವೀಕರಣದ ದಿನಾಂಕವನ್ನು ಮರೆತಿರುವುದೇ ಹೆಚ್ಚು. ಇವತ್ತು ಡ್ಯೂಟಿ ಮುಗಿಸಿ ಮನೆಗೆ ಹೋದ ಮೇಲೆ ಬೀರುವಿನಿಂದ ಆ ಪ್ರಮಾಣಪತ್ರ ತೆಗೆದು ತಾರೀಖು ನೋಡಿ.